ಜವಳ ಆಗದ ಕೂಸು

ತಳಕಿನ ಹತ್ತಿರದ ಹಳ್ಳಿಯೊಂದರಲ್ಲಿ ಜಂಪಣ್ಣನವರದು ಅನುಕೂಲಸ್ಥರ ಮನೆ. ಆ ಮನೆಗೊಂದು ಘನವಾದ ಕಟ್ಟಳೆ ಇದೆ. ಮನೆದೇವರ ಮುಂದೆ ಜವಳ ತೆಗೆಸಿ ಹುಟ್ಟುಗೂದಲು ಒಪ್ಪಿಸುವವರೆಗೆ ಕೂಸಿನ ಮೈಗೆ ಕಬ್ಬಿಣ ತಾಗಬಾರದು. ಕತ್ತರಿಯೂ ಇಲ್ಲ, ಸೂಜಿಯೂ ಇಲ್ಲ. ಮೊಮ್ಮಗಳು ಭೂಮಿಕಾಗೆ ಹುಟ್ಟಿದ ದಿನವೇ ಆಸ್ಪತ್ರೆಯಲ್ಲಿ ಚುಚ್ಚಿದ್ದು ಲೆಕ್ಕಕ್ಕಿಲ್ಲವಂತೆ. ಅದನ್ನು ಇವರು ಕಣ್ಣಾರೆ ನೋಡಲಿಲ್ಲವಲ್ಲ!

ಜವಳವನ್ನಾದರೂ ಬೇಗ ಮಾಡಿದರೇ? ದಾಯಾದಿ ಮನೆಗಳ ಕೂಸುಗಳಿಗೆಲ್ಲ ಒಟ್ಟಿಗೇ ಆಗಬೇಕು. ಆ ದಿನ ಮೊದಲ ವೀಳ್ಯ ಯಾರು ಹಿಡಿಯಬೇಕೆಂದು ಜಂಪಣ್ಣನವರಿಗೂ ಅವರ ತಮ್ಮ ಚಿಕ್ಕೀರಪ್ಪನವರಿಗೂ ಜಗಳ. ಎರಡು ಎಲೆ, ಒಂದು ಅಡಿಕೆಗಾಗಿ ಈ ಮಹಾಶಯರು ಎರಡು ವರ್ಷ ಮುಖ ತಿರುಗಿಸಿಕೊಂಡು ಕೂತರು. ಸೊಂಟನೋವೆಂದು ಜಂಪಣ್ಣನವರು ಮಾತ್ರ ತಿಂಗಳಿಗೊಮ್ಮೆ ಚಳ್ಳಕೆರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಬರುತ್ತಿದ್ದರು.

ನರ್ಸ್ ಸುಲೋಚನಮ್ಮ ಬಾಗಿಲಿಗೆ ಬಂದು ಬಂದು ಸೋತಿದ್ದರು.

“ಯಜಮಾನ್ರೇ, ದಡಾರದ್ದು ಎರಡು ಸೂಜೀನೂ ತಪ್ಪಿದಾವೆ. ತಡ ಆದ್ರೂ ಪರ್ವಾಗಿಲ್ಲ, ಈಗ್ಲೂ ಹಾಕ್ಬೋದು. ಅಂಗನವಾಡಿಗೆ ಕಳಿಸ್ರಿ.”

“ನಮ್ಮಪ್ಪಂಗೆ ಯಾವ ಸೂಜಿ ಹಾಕಿದ್ರಮ್ಮ? ತೊಂಬತ್ತು ವರ್ಷ ಬದುಕಿದ.”

“ನಿಮ್ಮಪ್ಪನ ಒಡಹುಟ್ಟಿದೋರು ಎಷ್ಟು ಜನ ಉಳಿದ್ರು?”

ಜಂಪಣ್ಣನವರು ಕೇಳಿಸದವರಂತೆ ಎಲೆಗೆ ಸುಣ್ಣ ಸವರತೊಡಗಿದರು. ಐದು ಜನ ಕೂಸಾಗಿದ್ದಾಗಲೇ ಸತ್ತಿದ್ದು ಊರಿಗೆಲ್ಲ ಗೊತ್ತಿತ್ತು.

ಯುಗಾದಿ ಕಳೆದ ಮೇಲೆ ಊರಿಗೆ ದಡಾರ ಬಂತು. ಚಿಕ್ಕೀರಪ್ಪನವರ ಮೊಮ್ಮಗಳು, ಅದೂ ಜವಳ ಆಗದ ಕೂಸೇ, ಮೊದಲು ಮಲಗಿತು. ‘ಅಮ್ಮ ಆಗೈತೆ’ ಎಂದು ಬೇವಿನ ಸೊಪ್ಪಿನ ಮೇಲೆ ಮಲಗಿಸಿ ಕೈಮುಗಿದರು. ಕಫ ಕಟ್ಟಿ ಉಸಿರಿಗೆ ಒದ್ದಾಡತೊಡಗಿದಾಗ ಕಾರು ಕರೆಸಿದರು. ಕೂಸು ದಾರಿಯಲ್ಲೇ ಹೋಯಿತು. ಅದನ್ನು ಕೊಂದದ್ದು ಯಾವ ದೇವಿಯೂ ಅಲ್ಲ, ಈ ಇಬ್ಬರು ಮುದುಕರ ಬಿಗುಮಾನ. ಬರೆಯಲು ನನಗೆ ಯಾವ ಅಂಜಿಕೆಯೂ ಇಲ್ಲ.

ಮೂರನೇ ದಿನ ಜಂಪಣ್ಣನವರು ಜಗುಲಿಯ ಮೇಲೆ ಕೂತು ಗಂಭೀರವಾಗಿ ಅಪ್ಪಣೆ ಕೊಡಿಸಿದರು: “ಮನೆತನದಾಗೆ ಸಾವಾಗೈತೆ. ಇನ್ನೊಂದು ವರ್ಷ ಜವಳ ಇಲ್ಲ.”

ಸೊಸೆ ನಿರ್ಮಲಾ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು. ಗಂಡ ಎರ್ರಿಸ್ವಾಮಿಯ ಮುಖ ನೋಡಿದಳು; ಆ ಪುಣ್ಯಾತ್ಮ ನೆಲ ನೋಡುತ್ತಿದ್ದ. ಒಳಗಿಂದ ಕತ್ತರಿ ತಂದು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹುಟ್ಟುಗೂದಲನ್ನು ಕಚಕಚನೆ ಕತ್ತರಿಸಿದಳು.

“ಏನಮ್ಮ ಮಾಡ್ತಿದೀಯ! ದೇವ್ರು ಸುಮ್ನೆ ಬಿಡ್ತಾನಾ?”

ಅವಳು ಕೂದಲನ್ನು ದೇವರ ಗೂಡಿನಲ್ಲಿಟ್ಟು ಬಂದಳು.

“ದೇವ್ರು ಕೇಳಿದ್ದು ಕೂದ್ಲು ಮಾವ, ಕೊಟ್ಟಿದೀನಿ. ತಪ್ಪಾಗಿದ್ರೆ ನನ್ನ ಶಿಕ್ಷಿಸ್ಲಿ. ಮಗೀನ ಮಾತ್ರ ನಾನ್ ಕೊಡಲ್ಲ.”

ಕೂಸನ್ನು ಸೊಂಟಕ್ಕೇರಿಸಿಕೊಂಡು ಅವಳು ನೇರ ಅಂಗನವಾಡಿಗೆ ನಡೆದಳು. ಸುಲೋಚನಮ್ಮ ಅವತ್ತಿನ ಸೂಜಿ ಹಾಕಿ, ಉಳಿದದ್ದಕ್ಕೆ ನಾಲ್ಕು ವಾರ ಬಿಟ್ಟು ಬರಲು ಹೇಳಿದರು.

ನಾಲ್ಕು ವಾರದ ಮೇಲೆ ನಿರ್ಮಲಾ ಹೋದಾಗ ದಾಯಾದಿ ಮನೆಗಳ ಇನ್ನೂ ಮೂವರು ಸೊಸೆಯಂದಿರು ಅಲ್ಲಿ ಸಾಲಾಗಿ ಕೂತಿದ್ದರು. ಅವರ ಮಡಿಲಲ್ಲಿದ್ದ ಮೂರು ಕೂಸುಗಳ ತಲೆಗೂದಲೂ ಅಡ್ಡಾದಿಡ್ಡಿಯಾಗಿ ಕತ್ತರಿಸಲಾಗಿತ್ತು.