ನೆಂಟರ ಬೀದಿ

ಹಿಮ ಮೊಣಕಾಲುದ್ದ ಬಿದ್ದಿತ್ತು. ಬುಕಾರೆಸ್ಟಿನ ಅಂಚಿನ ಆ ಬೀದಿಯ ಹೆಂಗಸರು ನಸುಕಿನಿಂದ ಬಸ್ಸಿಗೆ ಕಾದು ಮರಗಟ್ಟಿ ಹೋಗಿದ್ದರು. ಬಸ್ಸು ಬರಲೇ ಇಲ್ಲ. ಕಂಬಕ್ಕೆ ಅಂಟಿಸಿದ್ದ ಕಾಗದವನ್ನು ತುದೋರಾ ಗಟ್ಟಿಯಾಗಿ ಓದಿದಳು: ಪ್ರಯಾಣಿಕರಿಲ್ಲದ ಕಾರಣ ಈ ಮಾರ್ಗ ರದ್ದು.

"ಪ್ರಯಾಣಿಕರಿಲ್ವಂತೆ! ನಾವೇನು ದೆವ್ವಗಳಾ?"

ಜಾಂಫಿರಾಗೆ ನಗು ಬರಲಿಲ್ಲ. ಅವಳು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳು. ಆ ಕೆಲಸ ಹೋದರೆ ಮಕ್ಕಳ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ. ಲಾರಿಗಳು ಎರಚುವ ಕೆಸರಿನಲ್ಲಿ ಹೆದ್ದಾರಿಯುದ್ದಕ್ಕೂ ಓಡಿದಳು. "ಇನ್ನೊಂದು ಸಲ ತಡವಾದ್ರೆ ಬರಲೇಬೇಡ" ಎಂದಳು ಮೇಲ್ವಿಚಾರಕಿ.

ಕೆಲಸ ಮುಗಿದದ್ದೇ ಜಾಂಫಿರಾ ಸಾರಿಗೆ ಕಚೇರಿಗೆ ಹೋದಳು.

"ಮನೆಮನೆಗೂ ಹೋಗಿ ಕೇಳಿದ್ದೀವಮ್ಮ, ಯಾರು ಎಲ್ಲಿಗೆ ಓಡಾಡ್ತಾರೆ ಅಂತ" ಎಂದ ಎಂಜಿನಿಯರ್. "ನಿಮ್ಮ ಬೀದೀಲಿ ಎಲ್ಲರೂ ಬರೀ ನೆಂಟರು. ಕೆಲಸಕ್ಕೆ ಹೋಗೋರೇ ಇಲ್ಲ."

ಹೋದ ಬೇಸಿಗೆಯಲ್ಲಿ ಹುಡುಗಿಯೊಬ್ಬಳು ಬಂದು ಕೇಳಿದ್ದು ನಿಜ. ಜಾಂಫಿರಾ ಬಾಗಿಲಿಗೆ ಬಂದವರಿಗೆ ಕೊಡುವಂತೆ ಚೆರ್ರಿ ಹಣ್ಣಿನ ಪಾಕ, ನೀರು ಕೊಟ್ಟು, "ನಾವು ನೆಂಟರು ಕಣಮ್ಮ, ಎಲ್ಲಿಗೂ ಹೋಗಲ್ಲ" ಎಂದಿದ್ದಳು. ಇಡೀ ಬೀದಿಯೇ ಹಾಗೆ ಪಾಠ ಒಪ್ಪಿಸಿತ್ತು. ಅಲ್ಲಿನ ಮನೆಗಳೆಲ್ಲ ಯೋರ್ದಾಕೆ ಎಂಬ ಪುಣ್ಯಾತ್ಮನವು. ಬಾಡಿಗೆ ತಿನ್ನುತ್ತಾನೆ, ತೆರಿಗೆಯವರಿಗೆ ತೋರಿಸುವುದಿಲ್ಲ. "ಯಾವ ಆಫೀಸಿನೋರು ಬಂದ್ರೂ ನೆಂಟರು ಅನ್ನಿ. ಇಲ್ದಿದ್ರೆ ಗಂಟುಮೂಟೆ ಕಟ್ಟಿ" ಎಂದು ಎಲ್ಲರನ್ನೂ ಹೆದರಿಸಿಟ್ಟಿದ್ದ.

"ಸುಳ್ಳು ಹೇಳಿದ್ದೆ ಸಾರ್. ಬಾಡಿಗೆ ಕೊಟ್ಟು ಅಲ್ಲೇ ಇದ್ದೀನಿ. ಬರ್ಕೊಳ್ಳಿ."

ಅವನು ಅವಳ ಗುರುತಿನ ಚೀಟಿ ನೋಡಿದ. "ಇದ್ರಲ್ಲಿ ನಿಮ್ಮ ಹಳ್ಳಿ ವಿಳಾಸ ಇದೆಯಲ್ಲಮ್ಮ. ಮಾಲೀಕರ ಹತ್ರ ಕರಾರು ಮಾಡಿಸ್ಕೊಂಡು ಬನ್ನಿ."

"ಅವನು ಮಾಡ್ಕೊಡ್ತಾನಾ ಸಾರ್?"

"ಹಾಗಾದ್ರೆ ಮುಂದಿನ ಸಮೀಕ್ಷೆವರೆಗೂ ಕಾಯ್ಬೇಕು. ವರ್ಷಗಳೇ ಆಗ್ಬಹುದು."

ಸಂಜೆ ವಿಷಯ ಕೇಳಿ ತುದೋರಾ ತಲೆ ಚಚ್ಚಿಕೊಂಡಳು. "ಬಾಯಿ ಬಿಟ್ಯಲ್ಲೇ! ಎಲ್ಲರನ್ನೂ ಬೀದಿಗೆ ಹಾಕ್ತಾನೆ."

"ಕೆಲಸ ಹೋದ್ರೆ ಬಾಡಿಗೆ ಎಲ್ಲಿಂದ ಕೊಡ್ತೀಯಕ್ಕ? ಆಗಲೂ ಬೀದಿಗೇ ತಾನೆ?"



ಮರುದಿನ ಬೆಳಗ್ಗೆ ಬೀದಿಯ ಹೆಂಗಸರು ಬಸ್ಸು ಬೇಕೆಂದು ಮನೆಯ ಕುರ್ಚಿಗಳನ್ನು ಹೆದ್ದಾರಿಗೆ ತಂದು ಹಾಕಿ ಕುಳಿತರು. ಲಾರಿಗಳು ಸಾಲುಗಟ್ಟಿ ನಿಂತವು. ಪೊಲೀಸರು ಬಂದರು. ಹಿಂದೆಯೇ ಯೋರ್ದಾಕೆ ಏದುಸಿರು ಬಿಡುತ್ತಾ ಓಡಿ ಬಂದ.

"ಯಾರು ನೀವೆಲ್ಲ? ಎಲ್ಲಿರೋರು?" ಎಂದು ಪೊಲೀಸಿನವನು ಗದರಿದ.

ಯೋರ್ದಾಕೆ ಕೆಂಗಣ್ಣು ಬಿಟ್ಟ. ಜಾಂಫಿರಾ ಅವನತ್ತಲೇ ಬೆರಳು ಮಾಡಿ, "ಇವನಿಗೆ ತಿಂಗಳು ತಿಂಗಳು ಬಾಡಿಗೆ ಕಟ್ಟಿ ಇಲ್ಲೇ ಇದ್ದೀನಿ" ಎಂದಳು.

"ನಾನೂ ಅಷ್ಟೆ" ಎಂದಳು ತುದೋರಾ.

"ನಾನೂ!" "ನಾವೂ!"

ಪೊಲೀಸಿನವನು ಮೊದಲು ಜಾಂಫಿರಾಳ ಕುರ್ಚಿಯನ್ನೇ ಎಳೆದು ಬಿಸಾಕಿದ. ಆಸ್ಪತ್ರೆಯಲ್ಲಿ ಕೆಲಸದ ಹೊತ್ತು ಆಗಲೇ ಮೀರಿತ್ತು. ಜಾಂಫಿರಾ ಹಿಮದ ಮೇಲೆಯೇ ಕುಳಿತಳು.