ತುಟಿಯಲ್ಲಿ ಚೂಪು ಮಾಡಿದ ಹಸಿರುನೀಲಿ

ಗಂಜಿ ಹಾಕಿ ಒಣಗಿಸಿದ ಬಟ್ಟೆಯನ್ನು ಕವಡೆಯಿಂದ ತಿಕ್ಕಿ ನುಣುಪು ಮಾಡುತ್ತಿದ್ದೆ. ಪಕ್ಕದ ಚಾಪೆಯ ಮೇಲೆ ಅಣ್ಣ ಲಂದ್ರನ ಮೊಮ್ಮಗಳು ಸರ್ನಿ, ಬಟ್ಟೆಯ ಮೇಲೆ ಬರೆದ ಭೀಮನ ಸೊಂಟದ ಪಟ್ಟಿಗೆ ಹಸಿರುನೀಲಿ ಬಣ್ಣ ತುಂಬಲು ಕೂತಿದ್ದಳು. ಅವಳಿಗದು ಮೊದಲ ದಿನ. ನಮ್ಮ ಕಮಾಸಾನ್ ಊರಿನ ಚಿತ್ರಗಳಿಗೆ ಗಂಡಸರು ಗೆರೆ ಎಳೆಯುತ್ತಾರೆ, ನಾವು ಹೆಂಗಸರು ಬಣ್ಣ ತುಂಬುತ್ತೇವೆ. ಕುಂಚದ ತುದಿ ಚೂಪಾಗಲು ತುಟಿಗಳ ನಡುವೆ ಇಟ್ಟು ಎಳೆಯುವುದು ರೂಢಿ. ನನ್ನನ್ನು ನೋಡಿ ಕಲಿತ ಸರ್ನಿಯೂ ಕುಂಚವನ್ನು ಬಾಯಿಗೆ ಒಯ್ದಳು.

ಅಣ್ಣ ಹಾರಿಬಂದು ಕಿತ್ತುಕೊಂಡ.

"ಥೂ! ಉಗುಳೇ, ಉಗುಳು! ಈ ಬಣ್ಣ ಬಾಯಿಗೆ ಹಾಕ್ಬಾರ್ದು!"

ಮಗು ಅಳುತ್ತಾ ಬಾವಿಕಟ್ಟೆಗೆ ಓಡಿತು. ನನ್ನ ಕೈಯ ಕವಡೆ ನಿಂತಲ್ಲೇ ನಿಂತಿತು.

"ಯಾವಾಗಿಂದ ಹಾಕ್ಬಾರ್ದು ಅಣ್ಣಾ?"

"ಏನು?"

"ಹನ್ನೊಂದು ವರ್ಷ ನಾನೂ ರೆನೆಂಗೂ ಇದನ್ನೇ ನೆಕ್ಕಿದ್ವಲ್ಲ. 'ಗಿಣಿಗಳ ಥರ ಕಾಣ್ತೀರಾ ಕಣ್ರೇ' ಅಂತ ನಗ್ತಿದ್ದೆ ನೀನು."

"ಅದು ಮಗು ತುತ್," ಎಂದ. ಅಣ್ಣ ನನ್ನನ್ನು ಕರೆಯುವುದೇ ಹಾಗೆ. "ನೀವು ದೊಡ್ಡೋರು."

ರೆನೆಂಗ್ ನನ್ನ ಬಾಲ್ಯದ ಗೆಳತಿ. ಅಣ್ಣ ಹೊರಗಿನಿಂದ ತರಿಸುತ್ತಿದ್ದ ಈ ಹಸಿರುನೀಲಿ ಪುಡಿಯನ್ನು ಬಟ್ಟಲಲ್ಲಿ ಒಣಗಿದ್ದ ಹಾಗೇ ಅರೆಯುತ್ತಿದ್ದವಳು ಅವಳೇ. ಪುಡಿ ಹಾರಿ ಅವಳ ರೆಪ್ಪೆಯ ಮೇಲೆಲ್ಲ ಕೂರುತ್ತಿತ್ತು. ಈಗ ಸುಲಾವೆಸಿ ದ್ವೀಪದಲ್ಲಿ ಮಗಳ ಮನೆಯಲ್ಲಿದ್ದಾಳೆ, ಹೋಗುವಾಗ ಈ ಬಣ್ಣದ ಡಬ್ಬಿಯೊಂದನ್ನೂ ಒಯ್ದಿದ್ದಾಳೆ. ಏಳು ತಿಂಗಳ ಹಿಂದೆ ಮಗಳ ಕೈಲಿ ಬರೆಸಿದ್ದಳು: ಉಬ್ಬಸ ಬಿಡುತ್ತಿಲ್ಲ, ಬೆರಳುಗಳು ಬಿರಿಯುತ್ತಿವೆ, ಆ ಬಣ್ಣದಲ್ಲಿ ಏನಿದೆ ಅಂತ ಡಾಕ್ಟರು ಕೇಳುತ್ತಿದ್ದಾರೆ, ಅಣ್ಣನನ್ನು ಕೇಳಿ ಬರಿ. ಕೇಳಿದ್ದೆ. "ಎಲೆ, ಕಲ್ಲು, ಅಷ್ಟೇ. ವಯಸ್ಸಾಯ್ತು ಅವಳಿಗೆ ಅಂತ ಬರಿ" ಅಂದಿದ್ದ. ಹಾಗೇ ಬರೆದೆ. ಆದರೆ ರೆನೆಂಗ್ ನನಗಿಂತ ಚಿಕ್ಕವಳು. ಅಂಚೆಗೆ ಹಾಕಲು ಕೈ ಬರದೆ ಆ ಕಾಗದ ಅಕ್ಕಿ ಡಬ್ಬಿಯ ಹಿಂದೆಯೇ ಉಳಿದಿತ್ತು.

"ಪುಡಿ ಜೊತೆ ಚೀಟಿ ಬಂದಿತ್ತಾ?" ಎಂದೆ.

ನಾನು ಕೈ ಚಾಚಿದೆ, ಚಾಚಿದ ಕೈ ಹಿಂದೆಗೆಯಲಿಲ್ಲ. ಕೊನೆಗೆ ಅಣ್ಣ ಕುಂಚಗಳನ್ನಿಡುವ ಬಿದಿರಿನ ಕೊಳವೆಯ ತಳದಿಂದ ಸುರುಳಿಯೊಂದನ್ನು ತೆಗೆದುಕೊಟ್ಟ.

ಸಂಜೆ ಶಾಲೆಯಲ್ಲಿ ನಾನು ಅಕ್ಷರ ಕಲಿತದ್ದು ಐವತ್ತೆಂಟನೇ ವಯಸ್ಸಿಗೆ. ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದೆ. ಬಿಸಿಲಿಗೆ ಮಾಸದ ಬಣ್ಣ. ಕೆಳಗಿನ ಗೆರೆಯನ್ನು ಪೂರ್ತಿ ಮುಚ್ಚುತ್ತದೆ. ಕೋಬಾಲ್ಟ್ ಮತ್ತು ಕ್ರೋಮಿಯಂ ಇದೆ. ಪುಡಿ ಹಾರಗೊಡಬೇಡಿ, ಮೊದಲು ಒದ್ದೆ ಮಾಡಿ, ಮೂಗು ಬಾಯಿ ಮುಚ್ಚಿಕೊಳ್ಳಿ. ಊಟಕ್ಕೆ ಮುಂಚೆ ಕೈ ತೊಳೆಯಿರಿ. ಕುಂಚವನ್ನು ಬಾಯಿಗೆ ಹಾಕಬೇಡಿ. ಆ ಕೊನೆಯ ಸಾಲಿನ ಕೆಳಗೆ ಇದ್ದಿಲಲ್ಲಿ ಎಳೆದ ಗೆರೆಯಿತ್ತು. ಅಣ್ಣನ ಗೆರೆ ನನಗೆ ಗೊತ್ತಾಗುವುದಿಲ್ಲವೇ, ನಲವತ್ತು ವರ್ಷ ಅದರೊಳಗೇ ಬಣ್ಣ ತುಂಬಿದವಳು ನಾನು.

ಪುಡಿ ಸುರಿಯುವಾಗ ಅವನು ಮಾತ್ರ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದ. ಸೀನು ಬರುತ್ತೆ ಅನ್ನುತ್ತಿದ್ದ.

"ಓದಿದ್ದೆ ನೀನು."

"ಓದಿದ್ದೆ." ಅವನು ಬಟ್ಟೆಯ ಮೇಲಿನ ಭೀಮನನ್ನೇ ನೋಡುತ್ತಿದ್ದ. "ನೀರಲ್ಲಿ ಅದ್ದಿ ತಿರುಗ್ಸಿದ್ರೆ ಅಂಥಾ ತುದಿ ಬರಲ್ಲ ತುತ್. ಅವನ ಪಟ್ಟಿ ಅಂಚು ನೋಡು, ಕೂದ್ಲೆಳೆ ಥರ. ನಿಮ್ಮ ತುಟಿಯಿಂದಲೇ ಬಂದಿದ್ದು ಅದು. ಹೇಳಿದ್ರೆ ನೀವು ಬಿಟ್ಬಿಡ್ತಿದ್ರಿ."

"ಬಿಡ್ತಿದ್ವು."

"ಮತ್ತೆ?"

"ಮತ್ತೆ ಏನು ಮತ್ತೆ? ಆಗ ನಮಗೆ ಓದೋಕೆ ಬರಲ್ಲ ಅಂತ ತಾನೇ ಅದನ್ನ ನಮ್ಮ ಕುಂಚದ ಕೊಳವೇಲೇ ಇಟ್ಟಿದ್ದು?"

ಅವನು ಸರ್ನಿಯ ಕುಂಚವನ್ನು ನೀರಲ್ಲಿ ಅದ್ದಿ ತೊಳೆಯತೊಡಗಿದ. ಕೂಗಾಡಿದ್ದರೆ ನನಗೂ ಹಗುರಾಗುತ್ತಿತ್ತೇನೋ.

ಹಳೆಯ ಕಾಗದವನ್ನು ಒಲೆಗೆ ಹಾಕಿ ಹೊಸದು ಬರೆದೆ: "ರೆನೆಂಗ್, ನಿನಗೆ ವಯಸ್ಸಾದದ್ದಲ್ಲ. ಈ ಚೀಟಿಯನ್ನು ಡಾಕ್ಟರಿಗೆ ತೋರಿಸು. ನೀನು ಒಯ್ದ ಡಬ್ಬಿ ಮುಟ್ಟಬೇಡ. ಅಣ್ಣನಿಗೆ ಗೊತ್ತಿತ್ತು. ಏಳು ತಿಂಗಳು ತಡಮಾಡಿದವಳು ನಾನು."

ಅಣ್ಣ ಬಾಗಿಲವರೆಗೆ ಬಂದ. "ನನ್ನ ಹೆಸರು ಬರೀಬೇಡ ಕಣೇ. ಅಷ್ಟಾದ್ರೂ ಮಾಡು."

"ಬರ್ದಾಯ್ತು ಅಣ್ಣಾ."

ಕ್ಲುಂಗ್ಕುಂಗ್ ಅಂಚೆ ಕಚೇರಿಯಲ್ಲಿ ಸಾಲು ಉದ್ದವಿತ್ತು. ಕಿಟಕಿಯಾಚೆಯ ಹುಡುಗಿ ಲಕೋಟೆಯನ್ನು ತೂಗಿ, "ದಪ್ಪ ಇದೆ ಅಜ್ಜಿ, ಮಾಮೂಲಿ ಅಂಚೇಲಿ ಹಾಕ್ಲಾ?" ಎಂದಳು.

"ಬೇಗ ಹೋಗೋದ್ರಲ್ಲಿ ಹಾಕಮ್ಮ," ಎಂದೆ. ಅವಳು ಮುದ್ರೆ ಒತ್ತಿ ಅದನ್ನು ಹಿಂದಿನ ಚೀಲಕ್ಕೆ ಹಾಕಿದಳು.