ಐದನೆಯ ತುತ್ತು

ನಾಲ್ಕು ಜನ ಕೈಹಾಕಿ ಗಣಪನ ಹೆಣವನ್ನು ಸ್ನಾನದ ಹಲಗೆಯಿಂದ ಎತ್ತುವಾಗಲೂ ತಲೆ ಹಿಡಿದವಳು ದುರ್ಗಿಯೇ. ಗಂಡನ ತಲೆಯನ್ನು ಬೇರೆಯವರ ಕೈಗೆ ಕೊಟ್ಟು ಅವಳಿಗೆ ಗೊತ್ತಿಲ್ಲ. ಎಂಟು ತಿಂಗಳ ರೂಢಿ ಅದು.

"ಹಸುಗೂಸಿನ ಹಂಗೆ ನೋಡ್ಕಂಡಳು," ಗಣಪನ ಅಕ್ಕ ದೇವಿ ಬಂದವರಿಗೆಲ್ಲ ಹೇಳುತ್ತಿದ್ದಳು. "ಒಂದು ತುತ್ತೂ ಅವನ ಕೈಯಾರೆ ಉಣ್ಲಿಕ್ಕೆ ಬಿಡ್ಲಿಲ್ಲ."

ಕೋಲಸಿರ್ಸಿ ಊರಿನ ಹೆಂಗಸರೆಲ್ಲ ತಲೆದೂಗಿದರು. ದುರ್ಗಿಯ ಎದೆಯಲ್ಲಿ ಕೆಂಡ ಇಟ್ಟಂತಾಯಿತು. ಲಕ್ವ ಹೊಡೆದವರಿಗೆ ವ್ಯಾಯಾಮ ಹೇಳಿಕೊಡುವ ನಮಿತಾ ಆಗಷ್ಟೇ ಸ್ಕೂಟಿ ನಿಲ್ಲಿಸಿ ಅಂಗಳಕ್ಕೆ ಬಂದಿದ್ದಳು. ಈ ಮಾತು ಅವಳ ಕಿವಿಗೂ ಬಿದ್ದಿತ್ತು.

*

ಆಗ ಗಣಪನ ಬಲಭಾಗಕ್ಕೆ ಲಕ್ವ ಹೊಡೆದು ಒಂದೂವರೆ ತಿಂಗಳಾಗಿತ್ತು. "ಬಲಗೈಲೇ ಉಣ್ಲಿ. ಚೆಲ್ಲಿದ್ರೆ ಚೆಲ್ಲಲಿ, ಗಂಟೆ ಹಿಡಿದ್ರೆ ಹಿಡೀಲಿ. ಗುಣ ಮಾಡ್ಕಳೋರು ಅವರು, ನಾವಲ್ಲ," ಎಂದು ನಮಿತಾ ಮನೆಗೇ ಬಂದು ಹೇಳಿ ಹೋಗಿದ್ದಳು.

ಗಣಪ ಮೊದಲಿಂದಲೂ ಹಟಮಾರಿ. ಮೊದಲ ದಿನ ಒಂದು ತುತ್ತು, ವಾರ ಕಳೆಯುವಷ್ಟರಲ್ಲಿ ಐದು. ಐದನೆಯದು ಬಾಯಿ ಸೇರಿದಾಗ ಸೊಟ್ಟ ಬಾಯಲ್ಲೇ ನಕ್ಕು, "ನಾಳೆ ಮೀನು ಮಾಡೇ. ಮುಳ್ಳು ನಾನೇ ಬಿಡ್ಸ್ಕಂತೀನಿ," ಎಂದ.

ಅದೇ ಹೊತ್ತಿಗೆ ಕಾಯಿಲೆಯವನನ್ನು ನೋಡಲು ತನ್ನೂರು ಮನ್ಮನೆಯಿಂದ ದೇವಿ ಬರಬೇಕೆ! ಬ್ರೆಡ್ಡು, ಮೂಸಂಬಿ ಹಿಡಿದು, ಹಿಂದೆ ಮೂರು ಜನರನ್ನು ಕಟ್ಟಿಕೊಂಡು ಬಂದವಳು ತಮ್ಮನ ಗಡ್ಡಕ್ಕೆ, ಎದೆಗೆ ಮೆತ್ತಿದ ಅನ್ನ ನೋಡಿದಳು.

"ಹೆಂಡ್ತಿ ಇದ್ದೂ ಇವನಿಗೆ ಈ ಗತಿಯನೇ? ಉಣ್ಸೂಕೆ ನಿಂಗೆ ಎಂತ ದಾಡಿ?"

ದುರ್ಗಿಯ ಮುಖ ಹಿಡಿಯಷ್ಟಾಯಿತು. ಬಟ್ಟಲು ಕಸಿದುಕೊಂಡು ಉಣ್ಣಿಸಿದಳು. ಗಣಪ ಎರಡು ಸಲ "ಬೇಡ" ಅಂದ. ಮರುದಿನ ಬಟ್ಟಲು ಮುಂದಿಟ್ಟರೆ ಕೈ ಚಾಚಲಿಲ್ಲ. ಬಾಯಿ ತೆರೆದು ಕಾದ. ಹಾಗೆ ಹಟ ಬಿಟ್ಟು ಮಲಗಿದವನು ಮತ್ತೆ ಏಳಲಿಲ್ಲ. ಬೆನ್ನು ಹುಣ್ಣಾಯಿತು, ಎದೆಯಲ್ಲಿ ಕಫ ಕಟ್ಟಿತು.

*

ದುರ್ಗಿ ಅಂಗಳದಲ್ಲಿ ನಿಂತಿದ್ದ ನಮಿತಾಳ ಹತ್ತಿರ ಬಂದಳು. "ಮೇಡಂ, ಅವತ್ತು ನಾನು ಬಟ್ಟಲು ಕಸ್ಕಣದೇ ಇದ್ದಿದ್ರೆ ಅವ್ರು ಬದುಕ್ತಿದ್ರಾ?"

"ಹಂಗೆಲ್ಲ ಯಾರಿಗೂ ಹೇಳೂಕಾಗೂದಿಲ್ಲ, ದುರ್ಗಮ್ಮ."

ಬದುಕುತ್ತಿರಲಿಲ್ಲ ಎಂದೂ ನಮಿತಾ ಹೇಳಲಿಲ್ಲ. ದುರ್ಗಿಗೆ ಅಷ್ಟು ಸಾಕಾಯಿತು.

"ಬಾಯಿಗೆ ಅಕ್ಕಿ ಹಾಕೂರು ಬನ್ನಿ," ಎಂದು ಯಾರೋ ಕೂಗಿದರು. ಒಬ್ಬೊಬ್ಬರಾಗಿ ಬಂದು ಹೆಣದ ತುಟಿಗೆ ನಾಲ್ಕು ಕಾಳು ಹಾಕಿ ಸರಿದರು. ಕೊನೆಗೆ ದುರ್ಗಿ. ಅಕ್ಕಿಯನ್ನು ಗಂಡನ ಬಾಯಿಯ ತನಕ ಒಯ್ದವಳು ಹಾಗೇ ನಿಂತಳು. ಆಮೇಲೆ ಅವನ ಬಲಗೈ ಹುಡುಕಿ, ಮುರುಟಿದ ಬೆರಳುಗಳ ನಡುವೆ ಆ ಅಕ್ಕಿ ಇಟ್ಟಳು.

"ಬಾಯಿಗೆ ಹಾಕೇ, ಹೊತ್ತಾಯ್ತು," ದೇವಿ ಅವಸರಿಸಿದಳು.

"ನೀವು ಸುಮ್ನಿರಿ ಅತ್ತಿಗೆ. ಅವ್ರೇ ಉಣ್ತಾರೆ."

ಚಟ್ಟ ಹೊರುವವರು ಹೆಗಲಿಗೆ ಟವೆಲ್ ಹಾಕಿಕೊಂಡು ನಿಂತರು. ದುರ್ಗಿ ಗಂಡನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ತನ್ನೆರಡೂ ಕೈ ಮಡಿಲಲ್ಲಿ ಬಿಗಿಹಿಡಿದುಕೊಂಡು ಕಾಯುತ್ತಿದ್ದಳು.